ಗೋಡೆಯ ಮೇಲಿನ ಮಾವ

ನಾನು ಈವರೆಗೆ ಮೂವತ್ತೊಂದು ಸಲ ಸತ್ತಿದ್ದೇನೆ. ಹನ್ನೊಂದು ಸಲ ಗುಂಡೇಟು, ಆರು ಸಲ ಹೃದಯಾಘಾತ, ನಾಲ್ಕು ಸಲ ವಿಷ. ಉಳಿದವಕ್ಕೆ ಕಾರಣವನ್ನು ಯಾರೂ ಹೇಳಲಿಲ್ಲ. "ನೀವು ಸತ್ತಿದ್ದೀರಿ, ಮಲಗಿ" ಅಂದರು, ಮಲಗಿದೆ. ಸಾಯದೇ ಇದ್ದಾಗ ನಾನು ನ್ಯಾಯಾಧೀಶ, ಹವಾಲ್ದಾರ, ಡಾಕ್ಟರು, ಮದುವೆ ಮಾಡಿಸುವ ಭಟ್ಟ, ಬ್ಯಾಂಕ್ ಮ್ಯಾನೇಜರು. ಹಿಂದಿ ಸಿನಿಮಾದಲ್ಲಿ ನಲವತ್ತು ವರ್ಷ ದುಡಿದರೂ ಒಂದೇ ಸಿನಿಮಾದಲ್ಲಿ ನಾಲ್ಕಕ್ಕಿಂತ ಹೆಚ್ಚು ಮಾತು ನನ್ನ ಪಾಲಿಗೆ ಬಂದದ್ದಿಲ್ಲ. ನನ್ನ ಮುಖ ನಿಮಗೆ ಗೊತ್ತು, ಹೆಸರು ಗೊತ್ತಿಲ್ಲ. ನನ್ನ ಹೆಸರು ಪರದೆಯ ಮೇಲೆ ಬರುವ ಹೊತ್ತಿಗೆ ನೀವು ಸೀಟಿನ ಕೆಳಗೆ ಚಪ್ಪಲಿ ಹುಡುಕುತ್ತಿರುತ್ತೀರಿ. ಇದನ್ನು ಓದಿ ಅಯ್ಯೋ ಪಾಪ ಅನ್ನಬೇಡಿ, ನನಗೆ ಅದು ಹಿಡಿಸುವುದಿಲ್ಲ.

ಊರು ಉಡುಪಿ ಕಡೆ. ಹದಿನೇಳನೆಯ ವಯಸ್ಸಿಗೆ ಮುಂಬಯಿಗೆ ಬಂದು ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ಮೊದಲು ಬಡಿಸುವವನಾಗಿ, ಆಮೇಲೆ ಗಲ್ಲಾದಲ್ಲಿ ಕೂರುವವನಾಗಿ ಇದ್ದೆ. ಮಧ್ಯಾಹ್ನ ಬ್ಯಾಂಕಿನವರು, ಕೋರ್ಟಿನವರು ಊಟಕ್ಕೆ ನುಗ್ಗುತ್ತಿದ್ದರು. ಮೂವತ್ತಕ್ಕೇ ನನ್ನ ತಲೆ ಬೋಳಾಗಿತ್ತು. ಕೋರ್ಟಿನವರನ್ನು ದಿನಾ ನೋಡಿ ನೋಡಿ ನನ್ನ ಮುಖಕ್ಕೂ ಅವರ ಗಾಂಭೀರ್ಯ ಅಂಟಿಕೊಂಡಿರಬೇಕು. ಒಂದು ದಿನ ಮೂಲೆಯ ಟೇಬಲಿನಲ್ಲಿ ಇಡ್ಲಿ ತಿನ್ನುತ್ತಿದ್ದ ಒಬ್ಬ ಸಹಾಯಕ ನಿರ್ದೇಶಕ ಎದ್ದು ಬಂದು, ನನ್ನ ಮುಖವನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ, "ಕಲ್ ಜಜ್ ಬನೋಗೆ?" ಅಂದ. ನಾಳೆ ನ್ಯಾಯಾಧೀಶ ಆಗುತ್ತೀಯಾ ಅಂತ ಕೇಳಿದರೆ ಇಲ್ಲ ಅನ್ನುವ ಗಲ್ಲಾದವ ಎಲ್ಲಾದರೂ ಇದ್ದಾನೆಯೇ? ಹೋದೆ. ಒಬ್ಬನಿಗೆ ಮರಣದಂಡನೆ ವಿಧಿಸಿ ಸಂಜೆ ಹೋಟೆಲಿಗೆ ವಾಪಸಾದಾಗ ಯಜಮಾನರು, "ಎಂತ ಮಾರಾಯ, ಇನ್ನು ನೀನು ಇಲ್ಲಿ ಕೂತ್ರೆ ಗಿರಾಕಿಗಳು ಹತ್ತಿರ ಬರ್ಲಿಕ್ಕೇ ಹೆದರಿಯಾರು" ಅಂದರು. ಅವರು ನಗುತ್ತಲೇ ಹೇಳಿದ್ದು. ಆದರೆ ಅಷ್ಟರಲ್ಲಿ ನನ್ನ ತಲೆ ತಿರುಗಿಯಾಗಿತ್ತು.

ಸೆಟ್ಟಿನಲ್ಲಿ ನನಗೆ ಒಂದು ಸುತ್ತು ಕಡಿಮೆ ಅಂತ ಮಾತಿದೆ. ಇರಲಿ. ನಾನು ಪ್ರೊಡಕ್ಷನ್‌ನವರು ಕೊಡುವ ಕನ್ನಡಕ ಹಾಕುವುದಿಲ್ಲ. ಹದಿನೇಳು ಕನ್ನಡಕಗಳನ್ನು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿಟ್ಟು ಒಯ್ಯುತ್ತೇನೆ. ಭಟ್ಟನಿಗೆ ಒಂದು, ಬ್ಯಾಂಕಿನವನಿಗೆ ಇನ್ನೊಂದು. ಪಾತ್ರ ಸಿಕ್ಕ ದಿನದಿಂದ ಮನೆಯಲ್ಲೂ ಅದೇ ಆಗಿರುತ್ತೇನೆ. ಹವಾಲ್ದಾರನಾಗಿದ್ದ ವಾರ ನಮ್ಮ ಬಿಲ್ಡಿಂಗಿನ ವಾಚ್‌ಮನ್‌ನನ್ನು ನಿಲ್ಲಿಸಿ ಹೆಸರು, ಊರು ವಿಚಾರಿಸಿದ್ದೆ. ಎಂಟು ವರ್ಷದಿಂದ ನನಗೆ ದಿನಾ ನಮಸ್ಕಾರ ಹೊಡೆಯುತ್ತಿದ್ದ ಮನುಷ್ಯ ಬೆಪ್ಪಾಗಿ ನಿಂತಿದ್ದ. ಹೆಣದ ಪಾತ್ರವಿದ್ದರೆ ಬೆಳಗ್ಗೆಯಿಂದ ನೀರು ಕುಡಿಯುವುದಿಲ್ಲ, ಮಧ್ಯದಲ್ಲಿ ಏಳುವಂತಾಗಬಾರದು. ಮಲಗುವ ಮೊದಲು ನಿರ್ದೇಶಕರನ್ನು ಒಂದೇ ಪ್ರಶ್ನೆ ಕೇಳುತ್ತೇನೆ: ನಾನು ಸತ್ತು ಎಷ್ಟು ಹೊತ್ತಾಯಿತು? ಈಗಷ್ಟೇ ಸತ್ತವನ ಬೆರಳು ಬೇರೆ, ಬೆಳಗ್ಗೆ ಸತ್ತವನ ಬೆರಳು ಬೇರೆ. ಅವರೆಲ್ಲ ಹಲ್ಲು ಕಿಸಿಯುತ್ತಾರೆ. ಮೂರು ಸೆಕೆಂಡಿನ ಶಾಟಿಗೆ ಇಷ್ಟೆಲ್ಲ ಯಾಕೆ ಅಂತ ಅವರ ಲೆಕ್ಕ. ನನಗೆ ಸಿಕ್ಕಿದ್ದೇ ಮೂರು ಸೆಕೆಂಡು, ಅದನ್ನೂ ಸರಿಯಾಗಿ ಮಾಡಬಾರದೇ ಅಂತ ನನ್ನದು.

ಈ ಎಲ್ಲ ಹುಚ್ಚಾಟವನ್ನು ಸಹಿಸಿಕೊಂಡವಳು ನನ್ನ ಹೆಂಡತಿ. ನಮಗೆ ಮಕ್ಕಳಾಗಲಿಲ್ಲ. ಭಾಂಡುಪ್‌ನ ಒಂದು ಹಳೆಯ ಬಿಲ್ಡಿಂಗಿನ ಮೂರನೆಯ ಮಹಡಿಯಲ್ಲಿ ಒಂದು ರೂಮು, ಒಂದು ಅಡಿಗೆಮನೆ, ನಾವಿಬ್ಬರು. ನನಗೆ ಸಿಗುತ್ತಿದ್ದ ಎರಡು ಮೂರು ಮಾತುಗಳನ್ನು ಅಡಿಗೆಮನೆಯ ಬಾಗಿಲಿನಲ್ಲಿ ನಿಂತು ಅಭ್ಯಾಸ ಮಾಡುತ್ತಿದ್ದೆ. ಎದುರು ಪಾತ್ರದ ಮಾತನ್ನು ಅವಳು ಓದುತ್ತಿದ್ದಳು. ಅವಳ ಹಿಂದಿ ತರಕಾರಿ ಮಾರ್ಕೆಟಿನದ್ದು. "ಮೈ ಲಾರ್ಡ್, ಮುಲ್ಜಿಮ್ ಬೇಕಸೂರ್ ಹೈ" ಅಂತ, ಅಂದರೆ ಆರೋಪಿ ನಿರಪರಾಧಿ ಅಂತ, ವಕೀಲ ವಾದಿಸುವುದನ್ನು ಅವಳು ಬೆಂಡೆಕಾಯಿಗೆ ಚೌಕಾಸಿ ಮಾಡುವ ಧಾಟಿಯಲ್ಲೇ ಅನ್ನುತ್ತಿದ್ದಳು. ನನಗೆ ನಗು ಬಂದರೆ, ಜಡ್ಜು ನಗಬಾರದು ಅಂತ ಅವಳೇ ಬೈಯುತ್ತಿದ್ದಳು.

ಅವಳದ್ದು ಒಂದೇ ಒಂದು ಕಟ್ಟುನಿಟ್ಟು. ಸಾಯುವ ಪಾತ್ರಕ್ಕೆ ನಮ್ಮಲ್ಲಿ ಒಂದು ಹಳೆಯ ರೂಢಿಯಿದೆ. ಹೆಣದ ಶಾಟ್ ಮುಗಿದ ಕೂಡಲೇ ಕ್ಯಾಮೆರಾ ನಿಲ್ಲಿಸುವುದಿಲ್ಲ. ಸತ್ತವನು ಕಣ್ಣುಬಿಟ್ಟು, ಎದ್ದು ಕೂತು, ಕ್ಯಾಮೆರಾ ನೋಡಿ ನಗಬೇಕು. ಆ ನಗುವನ್ನೂ ತೆಗೆದುಕೊಳ್ಳುತ್ತಾರೆ, ಸಿನಿಮಾದಲ್ಲಿ ಹಾಕುವುದಿಲ್ಲ. ಸುಳ್ಳು ಸಾವು ನಿಜವಾಗದಿರಲಿ ಅಂತ ಹಿಂದಿನವರು ಮಾಡಿಕೊಂಡ ಪರಿಹಾರ ಅದು. ಈಗಿನ ಹುಡುಗರಿಗೆ ಅಷ್ಟೆಲ್ಲ ವ್ಯವಧಾನವಿಲ್ಲ. ಆದರೆ ನಾನು ಹಟ ಹಿಡಿದು ನಕ್ಕೇ ಬರುತ್ತಿದ್ದೆ, ಯಾಕೆಂದರೆ ಸಂಜೆ ಬಾಗಿಲು ತೆರೆದ ತಕ್ಷಣ ಅವಳ ಮೊದಲ ಮಾತೇ, "ನಕ್ಕು ಬಂದ್ರಾ?" ಹೌದು ಅಂದ ಮೇಲೇ ಚಪ್ಪಲಿ ಬಿಡಲು ದಾರಿ ಕೊಡುತ್ತಿದ್ದಳು. ನನಗೆ ಇದರಲ್ಲೆಲ್ಲ ನಂಬಿಕೆ ಇರಲಿಲ್ಲ. ಅವಳಿಗೆ ಇತ್ತು, ಅದು ಸಾಕಾಗಿತ್ತು.

ಹಾಗೆ ನಡೆದುಕೊಂಡು ಹೋಗುತ್ತಿದ್ದ ಸಂಸಾರಕ್ಕೆ ಒಂದು ಟೀವಿ ಸೀರಿಯಲ್ ಬಂದು ಅಡ್ಡ ನಿಂತಿತು. ಐದಾರು ವರ್ಷದ ಹಿಂದಿನ ಮಾತು. ಸಿನಿಮಾದ ಕೆಲಸ ಹೆಚ್ಚುಕಡಿಮೆ ನಿಂತೇ ಹೋಗಿತ್ತು. ಪ್ರೊಡಕ್ಷನ್‌ನಿಂದ ಒಬ್ಬ ಹುಡುಗಿ ಫೋನ್ ಮಾಡಿದಳು. ಅವಳ ತಾಯಿ ಮಂಗಳೂರಿನವರಂತೆ, ನನ್ನ ಹಿಂದಿ ಕೇಳಿದೊಡನೆ ಗುರುತು ಹಿಡಿದು ಕನ್ನಡಕ್ಕೆ ಇಳಿದಳು. "ಅಂಕಲ್, ರೋಲ್ ಉಂಟು... ಮತ್ಲಬ್... ನೀವು ಹೀರೋಯಿನ್‌ದು ಮಾವ. ಬಟ್ ನೀವು ಆಲ್‌ರೆಡಿ ಸತ್ತಿದೀರಿ. ಓನ್ಲಿ ಫೋಟೋ. ಬಾದ್ ಮೇ ಫ್ಲ್ಯಾಶ್‌ಬ್ಯಾಕ್ ಬರ್ತದೆ ಅಂಕಲ್, ಪಕ್ಕಾ."

ಗೋರೆಗಾಂವ್‌ನ ಸೆಟ್ಟಿಗೆ ಹೋದೆ. ರೇಶ್ಮೆ ಜುಬ್ಬಾ ತೊಡಿಸಿ, ಹೆಗಲ ಮೇಲೆ ಶಾಲು ಹೊದಿಸಿ ಕೂರಿಸಿದರು. ನಾನು ನನ್ನ ಡಬ್ಬಿಯಿಂದ ಚಿನ್ನದ ಬಣ್ಣದ ಕನ್ನಡಕ ಆರಿಸಿಕೊಂಡೆ. ಸತ್ತ ಮಾವ ಹೇಗಿದ್ದ, ಸಿಡುಕನೋ ಸೌಮ್ಯನೋ ಅಂತ ಕೇಳಿದೆ. ಫೋಟೋಗ್ರಾಫರ್ ನನ್ನನ್ನು ವಿಚಿತ್ರವಾಗಿ ನೋಡಿ, "ಬಸ್ ಸ್ಮೈಲ್" ಅಂದ. ಹತ್ತು ನಿಮಿಷದಲ್ಲಿ ಮುಗಿಯಿತು. ವಾರದೊಳಗೆ ಅದನ್ನು ಆಳೆತ್ತರಕ್ಕೆ ದೊಡ್ಡದು ಮಾಡಿ, ಚೌಕಟ್ಟು ಹಾಕಿ, ಗಂಧದ ಹಾರ ತೊಡಿಸಿ, ಕೆಳಗೊಂದು ದೀಪವಿಟ್ಟು, ಆ ಸೀರಿಯಲ್ಲಿನ ಶ್ರೀಮಂತರ ಮನೆಯ ಗೋಡೆಗೆ ನೇತುಹಾಕಿದರು.

ಮೊದಲ ಕಂತಿನ ಸಂಜೆ ಎಂಟೂವರೆಗೆ ನಾನು ಹೆಂಡತಿಯನ್ನು ಅಡಿಗೆಮನೆಯಿಂದ ಕೈಹಿಡಿದು ಎಳೆದು ತಂದು ಟೀವಿಯ ಮುಂದೆ ಕೂರಿಸಿದೆ. ಸೊಸೆ ಓಡಿ ಬಂದು ನನ್ನ ಫೋಟೋದ ಮುಂದೆ ನಿಂತು "ಬಾಬೂಜೀ" ಅಂತ ಅಳತೊಡಗಿದಳು. ನನ್ನ ಮುಖ ಇಡೀ ಪರದೆ ತುಂಬಿತು. ನಲವತ್ತು ವರ್ಷದಲ್ಲಿ ನನಗೆ ಅಷ್ಟು ದೊಡ್ಡ ಕ್ಲೋಸಪ್ ಸಿಕ್ಕಿರಲಿಲ್ಲ. ಹೆಂಡತಿಯ ಕಡೆ ತಿರುಗಿದೆ. ಅವಳು ಹಾರವನ್ನು ನೋಡುತ್ತಿದ್ದಳು. ಎದ್ದು ಟೀವಿ ಆರಿಸಿದಳು.

"ಇದಕ್ಕೆ ನಕ್ಕು ಬಂದ್ರಾ?"

"ಫೋಟೋಕ್ಕೆ ನಗುವುದು ಎಂತದು? ಫೋಟೋದಲ್ಲೇ ನಗ್ತಾ ಇದ್ದೇನಲ್ಲ."

"ಅದಲ್ಲ. ಹೆಣ ಆದ್ರೆ ಎದ್ದು ಕೂತುಕೊಂಡು ನಗ್ತದೆ, ಅಲ್ಲಿಗೆ ಮುಗೀತದೆ. ಗೋಡೆ ಮೇಲಿನ ಫೋಟೋ ಯಾವಾಗ ಎದ್ದು ನಗ್ತದೆ? ಬದುಕಿದ್ದವ್ರ ಫೋಟೋಕ್ಕೆ ಹಾರ ಹಾಕಿ ದಿನಾ ದೀಪ ಇಟ್ಟು ಪೂಜೆ ಮಾಡ್ತಾರಾ ಯಾರಾದ್ರೂ? ನಂಗೆ ಇದು ಬೇಡ. ಇಳಿಸ್ಲಿಕ್ಕೆ ಹೇಳಿ."

ನಾನು ಸಿಟ್ಟಿನವ. ನಿನಗೆ ನನ್ನ ಏಳಿಗೆ ಕಂಡರೆ ಆಗುವುದಿಲ್ಲ ಅಂದೆ. ಫ್ಲ್ಯಾಶ್‌ಬ್ಯಾಕ್ ಬರುವುದಿದೆ, ಅದರಲ್ಲಿ ನಾನು ಎದ್ದು ಓಡಾಡುತ್ತೇನೆ, ಮಾತಾಡುತ್ತೇನೆ, ಪುಟಗಟ್ಟಲೆ ಮಾತಾಡುತ್ತೇನೆ, ಆಗ ನಿನ್ನ ದೋಷವೂ ಪರಿಹಾರವಾಗುತ್ತದೆ ಅಂದೆ. ಅವಳು ಏನೋ ಹೇಳಲು ಬಾಯಿ ತೆರೆದವಳು ನನ್ನ ಮುಖ ನೋಡಿ ಸುಮ್ಮನಾದಳು. ಆಗ ಅದನ್ನು ನಾನು ನನ್ನ ಗೆಲುವು ಅಂದುಕೊಂಡೆ.

ಆಮೇಲೆ ನಾಲ್ಕು ವರ್ಷ ನಾನು ಆ ಗೋಡೆಯ ಮೇಲಿದ್ದೆ. ಸೊಸೆಗೆ ಕಷ್ಟ ಬಂದಾಗೆಲ್ಲ ನನ್ನ ಮುಂದೆ ನಿಂತು ಅಳುತ್ತಿದ್ದಳು, ಅವಳಿಗೆ ವಾರಕ್ಕೆರಡು ಸಲವಾದರೂ ಕಷ್ಟ ಬರುತ್ತಿತ್ತು. ಅತ್ತೆ ಕುತಂತ್ರ ಮಾಡುವಾಗ ನನ್ನ ಕಡೆ ನೋಡಿ ಹೆದರುತ್ತಿದ್ದಳು. ಒಮ್ಮೆ ಗಾಳಿಗೆ ನಾನು ಓರೆಯಾದೆ, ಅದೊಂದು ದೊಡ್ಡ ಅಪಶಕುನವಾಗಿ ಮೂರು ಕಂತು ನಡೆಯಿತು. ನಾನು ಒಂದೂ ಕಂತು ತಪ್ಪಿಸದೆ ನೋಡಿ, ಹಾರ ಗಲ್ಲವನ್ನು ಮುಚ್ಚುತ್ತಿದೆ, ದೀಪದ ಬೆಳಕು ಕನ್ನಡಕಕ್ಕೆ ಬಡಿಯುತ್ತಿದೆ ಅಂತ ಪ್ರೊಡಕ್ಷನ್ ಹುಡುಗಿಗೆ ಫೋನ್ ಮಾಡುತ್ತಿದ್ದೆ. ಅವಳು ಪಾಪ, "ಹಾಂ ಅಂಕಲ್, ನೋಟ್ ಮಾಡಿದೆ" ಅನ್ನುತ್ತಿದ್ದಳು. ಕೊನೆಗೆ ನಾನು, "ಫ್ಲ್ಯಾಶ್‌ಬ್ಯಾಕ್ ಯಾವಾಗ?" ಅಂತ ಕೇಳುತ್ತಿದ್ದೆ. "ಆಯೇಗಾ ಅಂಕಲ್, ಸ್ಟೋರಿ ಆ ಕಡೆ ಹೋಗ್ತಾ ಉಂಟು."

ಹೊರಗೆ ನನಗೆ ಇದ್ದಕ್ಕಿದ್ದಂತೆ ಹೆಸರು ಬಂತು. ಭಾಂಡುಪ್ ಸ್ಟೇಷನ್ನಿನ ಮೆಟ್ಟಿಲಲ್ಲಿ ಒಬ್ಬಾಕೆ ನನ್ನನ್ನು ಕಂಡು ಕೈಯಲ್ಲಿದ್ದ ಚೀಲ ಬಿಟ್ಟು, "ಅರೇ, ಆಪ್ ತೋ ಗುಜರ್ ಗಯೇ ಥೆ!" ಅಂತ ಕೂಗಿದಳು. ತೀರಿಹೋದವರು ಸ್ಲೋ ಲೋಕಲ್ ಹಿಡಿಯಲು ಬಂದಿದ್ದರೆ ಯಾರಿಗಾದರೂ ಗಾಬರಿಯೇ. ನಾನು ಹಿಗ್ಗಿ ಹೀರೇಕಾಯಿಯಾದೆ. ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಒಗ್ಗರಣೆಗೆ ಸಾಸಿವೆ ಹಾಕುತ್ತಿದ್ದವಳು ತಿರುಗಲೂ ಇಲ್ಲ.

ಫ್ಲ್ಯಾಶ್‌ಬ್ಯಾಕ್‌ನಲ್ಲಿ ನಾನು ಏನು ಹೇಳಬಹುದು ಅಂತ ಯೋಚಿಸಿ ಯೋಚಿಸಿ ಕೊನೆಗೆ ನಾನೇ ಬರೆದೆ. ಸಾಯುವ ಮುಂಚೆ ಮಾವ ಸೊಸೆಯನ್ನು ಹತ್ತಿರ ಕೂರಿಸಿಕೊಂಡು ಮನೆಯ ಗುಟ್ಟನ್ನು ಹೇಳುವ ದೃಶ್ಯ, ಕನ್ನಡ ಲಿಪಿಯಲ್ಲಿ ಹಿಂದಿ ಮಾತು, ಆರು ಪುಟ. ಸೊಸೆಯ ಮಾತುಗಳನ್ನು ಕೆಂಪು ಶಾಯಿಯಲ್ಲಿ ಬರೆದು ಹೆಂಡತಿಯ ಕೈಗೆ ಕೊಟ್ಟೆ. ಅವಳು ಹಾಳೆಗಳನ್ನು ನೋಡಿದಳು, ಮಡಚಿ ಉಪ್ಪಿನಕಾಯಿ ಭರಣಿಯ ಪಕ್ಕ ಇಟ್ಟಳು. "ನನ್ನಿಂದ ಆಗುದಿಲ್ಲ" ಅಂದಳು. ಅಷ್ಟು ವರ್ಷದಲ್ಲಿ ಅದೇ ಮೊದಲ ಸಲ. ನಾನೂ ಬಿಗಿದುಕೊಂಡೆ. ಎರಡೂ ಪಾತ್ರದ ಮಾತನ್ನು ನಾನೇ ಹೇಳಿಕೊಳ್ಳತೊಡಗಿದೆ, ಒಂದು ಸಲ ಮಂಚದ ಮೇಲೆ ಕೂತು, ಒಂದು ಸಲ ನೆಲದ ಮೇಲೆ.

ಸಂಜೆ ಎಂಟೂವರೆಯಾದರೆ ಅವಳು ಎದ್ದು ಹೊರಗಿನ ಪ್ಯಾಸೇಜಿಗೆ ಹೋಗಿ ನಿಲ್ಲುತ್ತಿದ್ದಳು. ಒಳಗೆ ನಾನು, ಟೀವಿಯಲ್ಲಿ ನಾನು. ಒಂಬತ್ತಕ್ಕೆ ಒಳಗೆ ಬಂದು ತಟ್ಟೆ ಹಾಕುತ್ತಿದ್ದಳು. ನಾವು ಜಗಳವಾಡುತ್ತಿರಲಿಲ್ಲ, ಉಪ್ಪು ಬೇಕಾ, ಹಾಲು ಬಂತಾ ಅನ್ನುವ ಮಾತು ಇದ್ದೇ ಇತ್ತು. ಉಳಿದದ್ದೆಲ್ಲ ನಿಂತುಹೋಗಿತ್ತು. ಒಂದು ರೂಮಿನ ಮನೆಯಲ್ಲಿ ಇಬ್ಬರು ಹೀಗೆ ಬೇರೆ ಬೇರೆ ಬದುಕಬಹುದು ಅಂತ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ತಿಂಗಳಿಗೊಮ್ಮೆ, ಯಾವುದೋ ಕೆಲಸದ ನಡುವೆ, ಕೇಳುತ್ತಿದ್ದಳು: "ಅದನ್ನು ಇಳಿಸಿದ್ರಾ?" ಇನ್ನೇನು ಫ್ಲ್ಯಾಶ್‌ಬ್ಯಾಕ್ ಬಂತು ಅನ್ನುತ್ತಿದ್ದೆ. ಅವಳು ತಲೆಯಾಡಿಸಿ ಕೆಲಸಕ್ಕೆ ಮರಳುತ್ತಿದ್ದಳು.

ಅವಳ ಕಾಯಿಲೆಯನ್ನು ನಾನು ಗುರುತಿಸಲಿಲ್ಲ, ಇದನ್ನು ಒಪ್ಪಿಕೊಳ್ಳಬೇಕು. ಆರು ಸಲ ಹೃದಯಾಘಾತದಲ್ಲಿ ಸತ್ತವನು ನಾನು. ಎಡ ಎದೆಯನ್ನು ಹಿಡಿದುಕೊಳ್ಳಬೇಕು, ಕಣ್ಣು ಅರಳಬೇಕು, ಮೇಜಿನ ಮೇಲಿನ ಗ್ಲಾಸನ್ನು ಕೆಡವುತ್ತಾ ಕುಸಿಯಬೇಕು, ಹೀಗೆ ಅಂತ ನನ್ನ ತಿಳಿವಳಿಕೆ. ಅವಳು ಒಂದು ಮಧ್ಯಾಹ್ನ ಅನ್ನದ ಗಂಜಿ ಬಸಿಯುತ್ತಿದ್ದವಳು ಪಾತ್ರೆಯನ್ನು ಸರಿಯಾಗಿ ಕೆಳಗಿಟ್ಟು, ನೆಲದ ಮೇಲೆ ಕೂತು, "ಬೆನ್ನು ಸ್ವಲ್ಪ ನೋಯ್ತದೆ" ಅಂದಳು, ಅಷ್ಟೇ. ನಾನು ಬೆನ್ನಿಗೆ ಎಣ್ಣೆ ತಿಕ್ಕಿದೆ. ಸಂಜೆ ಸಯನ್‌ನಲ್ಲಿ ಹೋಟೆಲಿಟ್ಟುಕೊಂಡಿರುವ ಅವಳ ತಮ್ಮ ಏನೋ ಕೆಲಸಕ್ಕೆ ಬಂದವನು ಅವಳ ಮುಖ ನೋಡಿದ್ದೇ ತಡ ಟ್ಯಾಕ್ಸಿ ತರಿಸಿ, ತನ್ನ ಮನೆಯ ಹತ್ತಿರವೇ ಇರುವ ಆಸ್ಪತ್ರೆಗೆ ಸೇರಿಸಿದ. ಹೃದಯ ಬಹಳ ಸೋತಿದೆ, ಎರಡು ದಿನವಾದರೂ ನೋಡಬೇಕು ಅಂದರು ಡಾಕ್ಟರು. ಕನ್ನಡಕ ತೆಗೆಯಲಿಲ್ಲ, ತಲೆಯಲ್ಲಾಡಿಸಲಿಲ್ಲ. ನಿಜವಾದ ಡಾಕ್ಟರುಗಳು ಹಾಗೆಲ್ಲ ಮಾಡುವುದಿಲ್ಲ.

ಮರುದಿನ ಬೆಳಗ್ಗೆ ಅವಳು ನನ್ನನ್ನು ಹತ್ತಿರ ಕರೆದಳು. ಮಾತಾಡಿದರೆ ಏದುಸಿರು ಬರುತ್ತಿತ್ತು.

"ಒಂದು ಕೆಲಸ ಮಾಡ್ತೀರಾ?"

"ಹೇಳು."

"ಅದನ್ನು ಇಳಿಸಿ ಬನ್ನಿ. ನಾನು ಇರುವಾಗಲೇ ಇಳೀಲಿ. ನೀವು ಒಬ್ರೇ ಆದ್ಮೇಲೆ ಆ ಹಾರ ನಿಮ್ಮ ಕೊರಳಲ್ಲಿ ಇರ್ಬಾರ್ದು."

ಅವಳು ಸಾವಿನ ಬಾಗಿಲಲ್ಲಿ ಮಲಗಿದ್ದಳು, ಆದರೆ ಹೆದರಿದ್ದು ನನ್ನ ಸಾವಿಗೆ. ನನಗೆ ಆ ಕ್ಷಣ ನನ್ನ ಮೇಲೇ ಹೇಸಿಗೆಯಾಯಿತು. ತಮ್ಮನನ್ನು ಅವಳ ಬಳಿ ಕೂರಿಸಿ ಹೊರಟೆ. ಸಯನ್‌ನಿಂದ ದಾದರ್, ದಾದರಿನಲ್ಲಿ ಸೇತುವೆ ಹತ್ತಿ ಇಳಿದು ಇನ್ನೊಂದು ಲೈನಿನ ಗಾಡಿ, ಅಲ್ಲಿಂದ ಗೋರೆಗಾಂವ್. ದಾರಿಯುದ್ದಕ್ಕೂ ನಾನು ಅಭ್ಯಾಸ ಮಾಡಿದ್ದು ಒಂದೇ ಮಾತನ್ನು: ಫ್ಲ್ಯಾಶ್‌ಬ್ಯಾಕ್ ಬೇಡ, ಫೋಟೋ ಇಳಿಸಿ. ಅವರು ಒಪ್ಪುವುದಿಲ್ಲ, ನಾಲ್ಕು ವರ್ಷದ ಕಥೆ ಆ ಫೋಟೋದ ಮೇಲೆ ನಿಂತಿದೆ, ಕಾಲಿಗೆ ಬೀಳಬೇಕಾಗಬಹುದು ಅಂದುಕೊಂಡಿದ್ದೆ. ಬೀಳಲು ತಯಾರಾಗಿಯೇ ಹೋಗಿದ್ದೆ.

ಸೆಟ್ಟಿನಲ್ಲಿ ಊಟದ ವಿರಾಮ. ಪ್ರೊಡಕ್ಷನ್ ಹುಡುಗಿ ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ಫೋನ್ ಹಿಡಿದು ಓಡಾಡುತ್ತಿದ್ದಳು. ನನ್ನನ್ನು ಕಂಡು ಕೂರಿಸಿ ನೀರು ಕೊಟ್ಟಳು. ನಾನು ಅಭ್ಯಾಸ ಮಾಡಿದ ಮಾತನ್ನು ಹೇಳಿದೆ.

ಅವಳು ಕೈಯಲ್ಲಿದ್ದ ತಟ್ಟೆಯನ್ನು ಪಕ್ಕಕ್ಕಿಟ್ಟಳು. "ಅಂಕಲ್, ಫ್ಲ್ಯಾಶ್‌ಬ್ಯಾಕ್ ಲಾಸ್ಟ್ ವೀಕ್ ಶೂಟ್ ಆಯ್ತಲ್ಲ."

"ನನ್ನನ್ನು ಕರೀಲಿಲ್ಲ?"

"ನೀವು... ಅಂಕಲ್, ಫ್ಲ್ಯಾಶ್‌ಬ್ಯಾಕ್ ಅಂದ್ರೆ ಥರ್ಟಿ ಇಯರ್ಸ್ ಹಿಂದೆ ಅಲ್ವಾ? ಬಾಬೂಜಿ ಯಂಗ್ ಇದ್ದಾಗ. ಒಬ್ಬ ಯಂಗ್ ಆ್ಯಕ್ಟರ್ ಮಾಡಿದ. ನಿಮ್ಗೆ... ಸಾರಿ ಅಂಕಲ್, ನಾನ್ ಥಾಟ್... ನಿಮ್ಗೆ ಗೊತ್ತಿದೆ ಅಂತ."

ನಲವತ್ತು ವರ್ಷ ಈ ಕಸುಬಿನಲ್ಲಿದ್ದವ. ಎಷ್ಟು ಸಿನಿಮಾದಲ್ಲಿ ನಾನೇ ಮುದುಕನಾಗಿ ಕೂತಿರುವಾಗ, ಹಿಂದಿನ ಕಥೆ ಶುರುವಾದೊಡನೆ ತಲೆತುಂಬ ಕೂದಲಿನ ಹುಡುಗರು ಬಂದು ನನ್ನ ಹೆಸರಿನಲ್ಲಿ ಕುದುರೆ ಹತ್ತಿದ್ದಾರೆ! ಆಗೆಲ್ಲ ಕಣ್ಣಿಗೆ ಕಂಡದ್ದು ಈ ಫೋಟೋದ ವಿಷಯಕ್ಕೆ ಬಂದಾಗ ಕಾಣಲಿಲ್ಲ. ಹುಡುಗಿ ಸುಳ್ಳು ಹೇಳಿರಲಿಲ್ಲ. ಫ್ಲ್ಯಾಶ್‌ಬ್ಯಾಕ್ ಬರುತ್ತದೆ ಅಂದಿದ್ದಳು, ಅದರಲ್ಲಿ ನಾನು ಬರುತ್ತೇನೆ ಅಂತ ಹೇಳಿಕೊಂಡವನು ನಾನೇ. "ಫೋಟೋ?" ಅಂತ ಮಾತ್ರ ಕೇಳಿದೆ.

"ಫೋಟೋ ಬೇಕಾ? ಅರೇ, ತೆಗೊಳ್ಳಿ ನಾ ಅಂಕಲ್. ಆ ಯಂಗ್ ಆ್ಯಕ್ಟರ್‌ದು ಹಾಕ್ಬೇಕು ಅಂತ ಹೇಗೂ ಪ್ಲ್ಯಾನ್ ಉಂಟು. ನೀವು ಫಸ್ಟ್ ಡೇ ಹೇಳಿದ್ರೂ ಚೇಂಜ್ ಮಾಡ್ತಿದ್ವಿ." ಅವಳು ಕರೆದದ್ದಕ್ಕೆ ಸೆಟ್ಟಿನ ಕೆಲಸದವನೊಬ್ಬ ಏಣಿ ತಂದು ಹತ್ತಿ, ನನ್ನನ್ನು ಮೊಳೆಯಿಂದ ಬಿಡಿಸಿ, ಚೌಕಟ್ಟು ಕಳಚಿ, ಹಾಳೆಯನ್ನು ಸುರುಳಿ ಸುತ್ತಿ ಕೈಗೆ ಕೊಟ್ಟ. ಎರಡು ನಿಮಿಷದ ಕೆಲಸ. ನಾಲ್ಕು ವರ್ಷ ನನ್ನ ಹೆಂಡತಿ ಪ್ಯಾಸೇಜಿನಲ್ಲಿ ನಿಂತದ್ದು ಈ ಎರಡು ನಿಮಿಷಕ್ಕಾಗಿ.

ಸಂಜೆಯ ನೂಕುನುಗ್ಗಲಿಗೆ ಮೊದಲೇ ಸಯನ್ ತಲುಪಿದೆ. ಅವಳಿಗೆ ಎಚ್ಚರವಿತ್ತು. ಸುರುಳಿ ಬಿಚ್ಚಿ ತೋರಿಸಿದೆ. ಅವಳು ಕೈ ಚಾಚಿ ನನ್ನ ಕಾಗದದ ಕೊರಳನ್ನು ಮುಟ್ಟಿ ನೋಡಿದಳು, ಹಾರವಿಲ್ಲ ಅಂತ ಖಾತ್ರಿ ಮಾಡಿಕೊಂಡಳು. "ಆಯ್ತು" ಅಂದಳು. ಆಮೇಲೆ ಅವಳೇ ಕೇಳಿದಳು.

"ನಿಮ್ಮ ಫ್ಲ್ಯಾಶ್‌ಬ್ಯಾಕ್?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಯಾವನೋ ಹುಡುಗ ಮಾಡಿದನಂತೆ. ಪ್ರಾಯದಲ್ಲಿದ್ದಾಗಿನ ಕಥೆಯಂತೆ."

"ಹೌದಲ್ಲ" ಅಂದಳು ಮೆಲ್ಲಗೆ. "ಅದು ಹಾಗೇ ಅಲ್ವಾ?"

"ನಿಂಗೆ ಗೊತ್ತಿತ್ತಾ?"

"ಮೊದ್ಲ ದಿನವೇ ಗೊತ್ತಿತ್ತು. ನೀವು ಅಷ್ಟು ಖುಷಿಯಲ್ಲಿದ್ರಿ. ಹೇಗೆ ಹೇಳುದು?"

ಆರು ಪುಟದ ಮಾತನ್ನು ಅವಳು ಯಾಕೆ ಓದಲಿಲ್ಲ ಅಂತ ನನಗೆ ಆಗ ಅರ್ಥವಾಯಿತು. ನಾನು ಅವಳ ಕೈ ಹಿಡಿದುಕೊಂಡು ಅತ್ತೆ. ಪಕ್ಕದ ಹಾಸಿಗೆಯ ಮುದುಕಿ ನನ್ನನ್ನೂ ಕಾಗದದ ನನ್ನನ್ನೂ ನೋಡಿ, ಗುರುತು ಹತ್ತಿದವಳಂತೆ ಎದ್ದು ಕೂತಳು. ಹೆಂಡತಿಗೆ ನಗು ಬಂತು. ನಕ್ಕರೆ ಕೆಮ್ಮು ಬರುತ್ತದೆ, ನಗಬೇಡ ಅಂತ ನರ್ಸ್ ಗದರಿದಳು. ಆಮೇಲೆ ಎಂಟು ದಿನ ನಾವು ಚೆನ್ನಾಗಿ ಮಾತಾಡಿದೆವು. ನಾಲ್ಕು ವರ್ಷದ ಬಾಕಿ ಮಾತು ಎಂಟು ದಿನಕ್ಕೆ ಮುಗಿಯುವುದಿಲ್ಲ. ಒಂಬತ್ತನೆಯ ದಿನ ಬೆಳಗ್ಗೆ ನಾನು ಕೆಳಗೆ ಚಹಾ ತರಲು ಹೋಗಿದ್ದಾಗ ಅವಳು ಹೋದಳು.

ಮೂರನೆಯ ದಿನ ಅವಳ ತಮ್ಮ ಭಾಂಡುಪ್‌ನ ಮನೆಗೆ ಬಂದ. "ಭಾವ, ಅಕ್ಕನ ಒಂದು ಒಳ್ಳೆ ಫೋಟೋ ಕೊಡಿ. ಪೇಪರಿಗೆ ಕೊಡ್ಬೇಕು, ಹದಿಮೂರಕ್ಕೂ ಇಡ್ಲಿಕ್ಕೆ ಬೇಕು" ಅಂದ. ನಾನು ಮಂಚದ ಕೆಳಗಿನ ಎರಡು ಟ್ರಂಕುಗಳನ್ನು ಎಳೆದೆ. ಒಂದು ಇಡೀ ಟ್ರಂಕು ಫೋಟೋಗಳೇ, ಇನ್ನೊಂದರಲ್ಲಿ ನನ್ನ ವೇಷದ ಬಟ್ಟೆ ಅಂತ ಅದನ್ನು ತೆರೆಯಲಿಲ್ಲ. ಇಬ್ಬರೂ ನೆಲದ ಮೇಲೆ ಕೂತು ಒಂದೊಂದಾಗಿ ತೆಗೆದೆವು. ನ್ಯಾಯಾಧೀಶನಾಗಿ ನಾನು. ಪಾದ್ರಿಯಾಗಿ ನಾನು. ಪೇಟ ಕಟ್ಟಿಕೊಂಡು, ಗಡ್ಡ ಅಂಟಿಸಿಕೊಂಡು, ನಿಂತು, ಕೂತು, ಸಿಟ್ಟಿನಲ್ಲಿ, ಶೋಕದಲ್ಲಿ ನಾನು. ಸಿನಿಮಾ ಆಫೀಸುಗಳಿಗೆ ಹಂಚಲು ತೆಗೆಸಿದವು, ನಾನೂರಕ್ಕೆ ಕಡಿಮೆಯಿಲ್ಲ. ನಮ್ಮ ಮದುವೆಯ ಆಲ್ಬಮ್ ಒಂದು ಮಳೆಗಾಲದಲ್ಲಿ ನೀರು ಕುಡಿದು ಗಂಟಾಗಿ ಎಂದೋ ಹೋಗಿತ್ತು. ನಂಟರ ಮದುವೆಯ ಒಂದು ಗುಂಪಿನ ಫೋಟೋದಲ್ಲಿ ಹಿಂದಿನ ಸಾಲಿನಲ್ಲಿ ಅವಳ ಅರ್ಧ ಮುಖವಿತ್ತು, ಕಣ್ಣು ಮುಚ್ಚಿತ್ತು.

"ಅಕ್ಕನದ್ದು ಒಂದೂ ಇಲ್ವಾ?" ಅಂದ ಅವಳ ತಮ್ಮ.

"ಇದನ್ನೆಲ್ಲ ತೆಗೆದದ್ದು ಅವಳೇ" ಅಂದೆ.

ಹೌದು, ಎಲ್ಲವನ್ನೂ. ಕಸುಬು ಶುರುಮಾಡಿದ ಕಾಲದಲ್ಲಿ ಒಂದು ಹಳೆಯ ಕ್ಯಾಮೆರಾ ಕೊಂಡು ಅವಳ ಕೈಗೆ ಕೊಟ್ಟಿದ್ದೆ. ಭಾನುವಾರದ ಸಂಜೆ ಬಿಲ್ಡಿಂಗಿನ ಟೆರೇಸಿಗೆ ಹೋಗಿ, ಬಟ್ಟೆ ಒಣಗಿಸುವ ಹಗ್ಗಕ್ಕೆ ನಮ್ಮ ಹಾಸಿಗೆಯ ಹೊದಿಕೆ ಇಳಿಬಿಟ್ಟು, ನನ್ನ ಬೋಳುತಲೆ ಹೊಳೆಯದ ಹಾಗೆ ಪೌಡರ್ ಹಚ್ಚಿ, ಅವಳು ತೆಗೆಯುತ್ತಿದ್ದಳು. ಅವಳ ಕೈಯಿಂದ ಒಂದು ಸಲ ಕ್ಯಾಮೆರಾ ಇಸಿದುಕೊಂಡು, ನೀನು ಅಲ್ಲಿ ನಿಂತುಕೋ ಅಂತ ಹೇಳಬೇಕೆಂದು ಇಷ್ಟು ವರ್ಷದಲ್ಲಿ ನನಗೆ ತೋಚಲಿಲ್ಲ. ಅವಳೂ ಕೇಳಲಿಲ್ಲ. ತಮ್ಮ ಕೊನೆಗೆ ಆಧಾರ್ ಕಾರ್ಡಿನ ಚಿತ್ರವನ್ನು ಸ್ಟೇಷನ್ನಿನ ಹತ್ತಿರದ ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿದ. ಅದರಲ್ಲಿ ಯಾರೋ ಒಬ್ಬ ಹೆಂಗಸು ಗಾಬರಿಯಿಂದ ನೋಡುತ್ತಿದ್ದಳು. ಹದಿಮೂರು ಕಳೆದ ಮೇಲೆ ಅದನ್ನು ನೀನೇ ಇಟ್ಟುಕೋ ಅಂತ ಅವನಿಗೆ ಕೊಟ್ಟು ಕಳಿಸಿದೆ.

ಎಲ್ಲರೂ ಹೋದ ಮೇಲೆ ಎರಡನೆಯ ಟ್ರಂಕನ್ನು ತೆರೆದೆ. ಅದರ ತಳದಲ್ಲಿ ರಬ್ಬರ್ ಬ್ಯಾಂಡ್ ಹಾಕಿದ ಒಂದು ಕಟ್ಟು ಸಿಕ್ಕಿತು. ಹಾಳಾದವು ಅಂತ ನಾನೇ ಬೇರೆ ಮಾಡಿ ಇಟ್ಟ ಒಂಬತ್ತು ಫೋ‍ಟೋಗಳು. ಅವಳು ಸಂಜೆಯ ಬಿಸಿಲಿಗೆ ಬೆನ್ನು ಕೊಟ್ಟು ನಿಂತು ತೆಗೆದವು, ಹಾಗಾಗಿ ಅವಳ ನೆರಳು ಉದ್ದಕ್ಕೆ ಚಾಚಿ ನನ್ನ ಕಾಲಿನವರೆಗೆ ಬಿದ್ದಿದೆ. ಎತ್ತಿದ ಎರಡು ಮೊಣಕೈ, ತುರುಬು, ಗಾಳಿಗೆ ಹಾರಿದ ಸೆರಗು, ಎಲ್ಲ ಸ್ಪಷ್ಟವಾಗಿ ಕಾಣುತ್ತದೆ. ಪ್ರತಿಸಲವೂ ನಾನು ಸಿಟ್ಟಾಗಿದ್ದೆ, ನಿನ್ನ ನೆರಳು ಬಿದ್ದು ಫೋಟೋ ಹಾಳಾಯಿತು, ಆಚೆ ಸರಿ, ಇನ್ನೂ ಆಚೆ ಸರಿ ಅಂತ ಕೂಗಿದ್ದೆ. ಅವಳು ಸರಿದಿದ್ದಳು. ಉಳಿದ ನಾನೂರು ಫೋಟೋಗಳಲ್ಲಿ ಅವಳು ಎಲ್ಲೂ ಇಲ್ಲ.